ಸತ್ತವರ ಮನೆಗೆ ಜಾಗ ಆರಿಸಿದ್ದು ಹೇಗೆ? ಪಾಂಡವರ ಕಲ್ಲುಮನೆಗಳ ಕಥೆ



ಮದ್ದೂರಿನ ಶಿವಪುರ ನಿಮಗೆ ಗೊತ್ತಿರುತ್ತೆ. ಅಲ್ಲಿ ಧ್ವಜ ಸತ್ಯಾಗ್ರಹ ಸೌಧ ಇದೆ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆದದ್ದು ಅಲ್ಲೇ. ಧ್ವಜ ಹಾರಿಸಬಾರದು ಅಂತ ಆಗಿನ ಸರ್ಕಾರ ನಿಷೇಧ ಹಾಕಿತ್ತು. ಅಧ್ಯಕ್ಷರಾಗಿದ್ದ ಟಿ. ಸಿದ್ಧಲಿಂಗಯ್ಯನವರು ನಿಷೇಧ ಮೀರಿ ಧ್ವಜ ಹಾರಿಸಿದರು, ಬಂಧನಕ್ಕೆ ಒಳಗಾದರು. ಈಗ ಒಂದು ಪ್ರಶ್ನೆ. ಆ ಸೌಧವನ್ನು ಶಿವಪುರದ ಬದಲು ಬೆಂಗಳೂರಿನಲ್ಲಿ ಕಟ್ಟಿದ್ದರೆ? ಕಟ್ಟಡ ಅದೇ, ಕಲ್ಲು ಅದೇ, ಹೆಸರೂ ಅದೇ. ಆದ್ರೂ ಅದಕ್ಕೆ ಅರ್ಥ ಇರ್ತಿರಲಿಲ್ಲ. ಸ್ಮಾರಕ ಅಂದರೆ ಕಟ್ಟಡದ ಜೊತೆಗೆ ಆ ಜಾಗವೂ ಹೌದು.

ಇವತ್ತಿನ ಕಥೆ ಇದಕ್ಕಿಂತ ಎರಡೂವರೆ, ಮೂರು ಸಾವಿರ ವರ್ಷ ಹಳೆಯದು. ಆಗಿನ ಜನ ತಮ್ಮ ಸತ್ತವರಿಗಾಗಿ ದೊಡ್ಡ ದೊಡ್ಡ ಚಪ್ಪಡಿಗಳಲ್ಲಿ ಮನೆ ಕಟ್ಟಿದರು. ಅವರು ಒಂದಕ್ಷರವನ್ನೂ ಬರೆದಿಟ್ಟು ಹೋಗಿಲ್ಲ. ಹಾಗಾಗಿ ನಮಗೆ ಉಳಿದಿರೋದು ಎರಡೇ ಸಾಕ್ಷಿ: ಕಟ್ಟಿದ್ದು ಹೇಗೆ, ಕಟ್ಟಿದ್ದು ಎಲ್ಲಿ. ಮೊದಲನೆಯದನ್ನು ಮ್ಯೂಸಿಯಂನಲ್ಲಿ ಸ್ವಲ್ಪವಾದರೂ ಉಳಿಸಿಕೊಳ್ಳಬಹುದು. ಎರಡನೆಯದು ಒಮ್ಮೆ ಹೋದರೆ ಹೋಯಿತು. ಈ ಸಂಚಿಕೆ ಆ ಎರಡನೆಯದರ ಬಗ್ಗೆ.

ಭೀಮನೋ, ಕುಳ್ಳರೋ?

ಇತಿಹಾಸಕಾರರು ಇವನ್ನು ಬೃಹತ್ ಶಿಲಾ ಸಮಾಧಿಗಳು ಅಂತಾರೆ. ಊರ ಜನರ ಬಾಯಲ್ಲಿ ಬೇರೆ ಹೆಸರು: ಪಾಂಡವರ ಮನೆ, ಪಾಂಡವರ ಗುಡಿ. ಉತ್ತರ ಕರ್ನಾಟಕಕ್ಕೆ ಹೋದರೆ ಮೋರ್ಯರ ಮನೆ, ಮೋರ್ಯರ ಗುಡ್ಡ. ಈ ಮೋರ್ಯರು ಗೇಣುದ್ದದ ಕುಳ್ಳರು ಅನ್ನೋ ಕಥೆಗಳೂ ಇವೆ.

ಇದನ್ನ ಮೂಢನಂಬಿಕೆ ಅಂತ ತಳ್ಳಿಹಾಕಬೇಡಿ. ಇಲ್ಲಿ ಒಂದು ತರ್ಕ ಇದೆ. ಚಪ್ಪಡಿಯ ತೂಕ ನೋಡಿದವನಿಗೆ "ಇದನ್ನ ಎತ್ತೋಕೆ ಭೀಮನೇ ಬೇಕು" ಅನ್ನಿಸುತ್ತೆ. ಅದೇ ಮನೆಯ ಬಾಗಿಲಿನ ಕಿಂಡಿ ನೋಡಿದವನಿಗೆ "ಇದರಲ್ಲಿ ನುಗ್ಗೋಕೆ ಕುಳ್ಳನೇ ಆಗಬೇಕು" ಅನ್ನಿಸುತ್ತೆ. ಎರಡೂ ಕಥೆ ಹುಟ್ಟಿದ್ದು ಕಟ್ಟಡದ ವಿನ್ಯಾಸವನ್ನು ಕಣ್ಣಾರೆ ನೋಡಿದ್ದರಿಂದ.

ಕರ್ನಾಟಕದಲ್ಲಿ ಇವುಗಳ ಕಾಲ ಹೆಚ್ಚಾಗಿ ಕಬ್ಬಿಣ ಯುಗ. ಸುಮಾರು ಕ್ರಿ.ಪೂ. 1200ರ ಆಸುಪಾಸಿನಿಂದ ಹಿಡಿದು ಕ್ರಿಸ್ತಶಕದ ಆರಂಭದ ತನಕ. ಎಲ್ಲವೂ ಒಂದೇ ಥರ ಇಲ್ಲ. ಕೆಲವು ನೆಲದ ಮೇಲೆ ನಿಂತ ಕಲ್ಲುಮನೆ. ಕೆಲವು ನೆಲದೊಳಗೆ ಹೂತ ಕಲ್ಲಿನ ಪೆಟ್ಟಿಗೆ. ಕೆಲವಕ್ಕೆ ಸುತ್ತ ಗುಂಡುಕಲ್ಲಿನ ಬಳೆ. ಕೆಲವು ಬರೀ ಕಲ್ಲಿನ ಗುಪ್ಪೆ. ಇನ್ನು ಕೆಲವು ಕಡೆ ಒಂಟಿಯಾಗಿ ನಿಲ್ಲಿಸಿದ ಕಲ್ಲು.

"ಇವೆಲ್ಲ ಎಲ್ಲೋ ದೂರದ ಹಂಪಿ ಕಡೆ ಬಿಡಿ" ಅಂದುಕೊಳ್ಳಬೇಡಿ. ಮದ್ದೂರಿನಿಂದ ಬೆಂಗಳೂರಿಗೆ ರೈಲಲ್ಲಿ ಹೋಗುವಾಗ ಬಿಡದಿ ಆದ ಮೇಲೆ ಹೆಜ್ಜಾಲ ಸ್ಟೇಷನ್ ಬರುತ್ತಲ್ಲ, ಅಲ್ಲಿ ಒಂದು ಇತಿಹಾಸಪೂರ್ವ ನೆಲೆ ಇದೆ. ಮಾಗಡಿ ತಾಲ್ಲೂಕಿನ ಸಾವನದುರ್ಗದ ಬುಡದಲ್ಲಿ ಇಂಥ ಸಮಾಧಿಗಳ ಒಂದು ಸ್ಮಶಾನವೇ ಇದೆ. ಬ್ರಾನ್‌ಫಿಲ್ ಅನ್ನೋ ಬ್ರಿಟಿಷ್ ಅಧಿಕಾರಿ 1881ರಲ್ಲಿ ಅದರ ಬಗ್ಗೆ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಬರೆದಿದ್ದಾನೆ. ವೀಕೆಂಡ್ ಟ್ರೆಕ್ಕಿಂಗ್‌ಗೆ ಸಾವನದುರ್ಗ ಹತ್ತುವವರಲ್ಲಿ ಎಷ್ಟು ಜನಕ್ಕೆ ಬುಡದಲ್ಲೊಂದು ಪ್ರಾಚೀನ ಸ್ಮಶಾನ ಇದೆ ಅಂತ ಗೊತ್ತಿರುತ್ತೆ, ನೀವೇ ಹೇಳಿ.

ನಮ್ಮ ಕಲ್ಲಿಗೆ ವೇಲ್ಸ್ ದೇಶದ ಹೆಸರು

ಹಳೇ ಮೈಸೂರಿನ ಇಂಗ್ಲಿಷ್ ದಾಖಲೆಗಳಲ್ಲಿ ಈ ಕಲ್ಲುಮನೆಗಳಿಗೆ ಎರಡು ವಿಚಿತ್ರ ಪದ ಕಾಣುತ್ತೆ: ಕ್ರಾಮ್‌ಲೆಕ್ ಮತ್ತು ಕಿಸ್ಟ್‌ವೇನ್. ಇವು ಮೂಲದಲ್ಲಿ ಇಂಗ್ಲಿಷ್ ಪದಗಳಲ್ಲ. ಬ್ರಿಟನ್ನಿನ ಪಶ್ಚಿಮಕ್ಕಿರುವ ವೇಲ್ಸ್‌ನ ಭಾಷೆಯಿಂದ ಬಂದವು. ಒಂದರ ಅರ್ಥ ಬಾಗಿದ ಚಪ್ಪಡಿ, ಇನ್ನೊಂದರದು ಕಲ್ಲಿನ ಪೆಟ್ಟಿಗೆ. ವೇಲ್ಸ್‌ನಲ್ಲೂ ಹೀಗೇ ಚಪ್ಪಡಿಯ ಸಮಾಧಿಗಳಿವೆ. ಅಲ್ಲಿಗೂ ಇಲ್ಲಿಗೂ ಹೋಲಿಕೆ ಕಂಡ ಬ್ರಿಟಿಷರು ತಮಗೆ ಗೊತ್ತಿದ್ದ ಹೆಸರನ್ನೇ ಇಟ್ಟರು.

ಹೆಸರಿನ ಜೊತೆ ಒಂದು ಸಿದ್ಧಾಂತವೂ ಬಂತು. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 1850ರ ದಶಕದಲ್ಲಿ ಆ ಸೀಮೆಯ ಸಮಾಧಿಗಳನ್ನು ಅಗೆದು, ಅಳೆದು, ಚಿತ್ರ ಬರೆದ. ಕೆಲಸ ಅಚ್ಚುಕಟ್ಟು. ಆದರೆ ಇವನ್ನು ಅವನು ಯೂರೋಪಿನ ಡ್ರೂಯಿಡ್ ಪುರೋಹಿತರಿಗೂ ಮಧ್ಯ ಏಷ್ಯಾದ ಶಕರಿಗೂ ಗಂಟು ಹಾಕಿಬಿಟ್ಟ. ಕಲ್ಲು ಒಂದೇ ಥರ ಇದ್ದರೆ ಜನವೂ ಒಂದೇ ಇರಬೇಕು ಅನ್ನೋ ಲೆಕ್ಕ.

ಈ ಲೆಕ್ಕ ನಿಲ್ಲೋದಿಲ್ಲ. ವೇಲ್ಸ್‌ನ ಚಪ್ಪಡಿ ಸಮಾಧಿಗಳ ಕಾಲ ಕ್ರಿ.ಪೂ. 4000ದಿಂದ 3000ದ ಸುಮಾರು. ಕಟ್ಟಿದವರಿಗೆ ಕಬ್ಬಿಣ ಇರಲಿ, ಕಂಚೂ ಗೊತ್ತಿರಲಿಲ್ಲ. ನಮ್ಮವು ಅದಕ್ಕಿಂತ ಎರಡು ಸಾವಿರ ವರ್ಷ ಈಚಿನವು, ಕಬ್ಬಿಣ ಬಳಸಿದವರ ಕೆಲಸ. ಸಂಬಂಧ ಇಲ್ಲ. ಸಂಬಂಧವೇ ಇಲ್ಲದ ಎರಡು ಜನ, ಎರಡು ಕಾಲ, ಎರಡು ಖಂಡ. ಆದರೂ ಇಬ್ಬರ ಮುಂದೆಯೂ ಇದ್ದದ್ದು ಒಂದೇ ಪ್ರಶ್ನೆ: ಸತ್ತವರನ್ನು ಎಲ್ಲಿಡೋದು? ಹೋಲಿಕೆ ಮಾಡೋದಾದರೆ ಅವರು ಕೊಟ್ಟ ಉತ್ತರಗಳನ್ನು ಹೋಲಿಸಬೇಕು.

ಇನ್ನೊಂದು ಸ್ವಾರಸ್ಯ. ಕರ್ನಾಟಕದ ಈ ಸಮಾಧಿಗಳನ್ನು ಶಾಸ್ತ್ರೀಯವಾಗಿ ಅಗೆದು ಹೆಸರು ಮಾಡಿದ ಮಾರ್ಟಿಮರ್ ವೀಲರ್, ಭಾರತಕ್ಕೆ ಬರುವ ಮೊದಲು ವೇಲ್ಸ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ನಿರ್ದೇಶಕನಾಗಿದ್ದವನು. 1944ರಲ್ಲಿ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥನಾದ. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ಮಾಡಿದ. ಅವನಿಗಿಂತ ಮೊದಲೇ ಮೈಸೂರಿನ ಡಾ. ಎಂ.ಎಚ್. ಕೃಷ್ಣ ಅಲ್ಲಿ ಅಗೆದಿದ್ದರು ಅನ್ನೋದನ್ನೂ ನೆನಪಿಡಿ. ಅಶೋಕನ ಶಾಸನ ಸಿಕ್ಕ ಜಾಗ ಅದು. ಶಾಸನದಲ್ಲಿ ಬರುವ ಇಸಿಲ ಅನ್ನೋ ಊರು ಅದೇ.

ಸಿಮೆಂಟಿಲ್ಲದೆ ನಿಲ್ಲಿಸಿದ ಬುದ್ಧಿ

ಬ್ರಹ್ಮಗಿರಿಯ ಕಲ್ಲಿನ ಪೆಟ್ಟಿಗೆ ಕಟ್ಟಿದ ರೀತಿ ಕೇಳಿ. ಮೊದಲು ನೆಲದಲ್ಲಿ ಗುಂಡಿ. ತಳಕ್ಕೆ ಒಂದು ಚಪ್ಪಡಿ. ಸುತ್ತ ನಾಲ್ಕು ಚಪ್ಪಡಿಗಳನ್ನು ನೆಟ್ಟಗೆ ನಿಲ್ಲಿಸಬೇಕು. ಈಗ ನಿಮ್ಮ ಹತ್ತಿರ ನಾಲ್ಕು ಇಸ್ಪೀಟ್ ಎಲೆ ಇದ್ದರೆ ತಗೊಳ್ಳಿ. ಮೂಲೆಗೆ ಮೂಲೆ ತಾಗಿಸಿ ಚೌಕ ಮಾಡಿ ಹೊರಗಿಂದ ಒತ್ತಿ. ಬಿದ್ದು ಹೋಗುತ್ತೆ. ಈಗ ಒಂದೊಂದು ಎಲೆಯ ತುದಿಯೂ ಪಕ್ಕದ ಎಲೆಯನ್ನು ದಾಟಿ ಸ್ವಲ್ಪ ಆಚೆ ಚಾಚಿರುವಂತೆ ಜೋಡಿಸಿ. ಮೇಲಿಂದ ನೋಡಿದರೆ ಸ್ವಸ್ತಿಕದ ಆಕಾರ. ಹೊರಗಿನ ಮಣ್ಣು ಎಷ್ಟು ಒತ್ತಿದರೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಗಾರೆ ಇಲ್ಲ, ಸಿಮೆಂಟ್ ಇಲ್ಲ. ಮಣ್ಣಿನ ಭಾರವೇ ಬೀಗ.

ಪೂರ್ವದ ಚಪ್ಪಡಿಯಲ್ಲಿ ಒಂದು ದುಂಡನೆಯ ಕಿಂಡಿ. ಅದರ ಮುಂದೆ ಚಿಕ್ಕದೊಂದು ಓಣಿ, ಓಣಿಗೆ ಬಾಗಿಲುಕಲ್ಲು. ಒಳಗೆ ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಸಾಮಾನು, ಮನುಷ್ಯರ ಮೂಳೆಗಳು. ಮೇಲೆ ಮುಚ್ಚುಗಲ್ಲು. ಸುತ್ತ ಕಲ್ಲಿನ ಬಳೆ.

ಮೂಳೆಗಳ ವಿಷಯದಲ್ಲಿ ಒಂದು ಮುಖ್ಯ ಮಾತಿದೆ. ಅವು ಇಡೀ ದೇಹದ ಅಸ್ಥಿಪಂಜರ ಅಲ್ಲ, ಆಯ್ದು ತಂದ ಮೂಳೆಗಳು. ಒಂದೇ ಪೆಟ್ಟಿಗೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರ ಮೂಳೆಗಳಿವೆ. ಅಂದರೆ ಸತ್ತ ತಕ್ಷಣ ಇಲ್ಲಿಗೆ ತರ್ತಿರಲಿಲ್ಲ. ದೇಹವನ್ನು ಮೊದಲು ಬೇರೆಲ್ಲೋ ಬಿಟ್ಟು, ಆಮೇಲೆ ಮೂಳೆ ಆರಿಸಿ ತಂದು ಇಲ್ಲಿ ಇಡ್ತಿದ್ದರು. 'ತಿಥಿ' ಸಿನಿಮಾ ನೋಡಿದ್ದೀರಲ್ಲ? ಮಂಡ್ಯದ ನೊದೆಕೊಪ್ಪಲಿನ ಕಥೆ. ಅಜ್ಜ ಸತ್ತ ದಿನದಿಂದ ಹನ್ನೊಂದನೇ ದಿನದ ತನಕ ಇಡೀ ಸಿನಿಮಾ ನಡೆಯುತ್ತೆ. ಸಾವು ಒಂದು ದಿನದ ವಿಷಯ, ಸತ್ತವರನ್ನು ಕಳಿಸಿಕೊಡೋದು ಬಹಳ ದಿನದ ಕೆಲಸ. ಮೂರು ಸಾವಿರ ವರ್ಷದ ಹಿಂದೆಯೂ ಅಷ್ಟೇ. ಆ ಕಿಂಡಿ ಯಾಕಿತ್ತು ಅಂದರೆ, ಮತ್ತೆ ಬಾಗಿಲು ತೆಗೆದು ಇನ್ನೊಬ್ಬರನ್ನು ಸೇರಿಸೋಕೆ ಅನ್ನೋದು ಒಂದು ವಿವರಣೆ. ಜೀವಕ್ಕೆ ಹೋಗಿಬರೋ ದಾರಿ ಅನ್ನೋದು ಇನ್ನೊಂದು.

ಕಲ್ಲು ಎಲ್ಲಿಂದ ಬಂತು? ನಮ್ಮ ಕಡೆಯ ಕಲ್ಲು ಗ್ರಾನೈಟ್, ಅಂದರೆ ಕಣಶಿಲೆ. ಬಿಸಿಲಿಗೆ, ಚಳಿಗೆ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಏಳುತ್ತೆ. ಬಂಡೆ ಮೇಲೆ ಬೆಂಕಿ ಹಾಕಿ ಕಾಯಿಸಿದರೆ ಪದರ ಬಿಡುತ್ತೆ. ಬೆಣೆ ಹೊಡೆದು, ಸುತ್ತಿಗೆಯಿಂದ ತಟ್ಟಿ ಎಬ್ಬಿಸಿದರೆ ಚಪ್ಪಡಿ ಸಿದ್ಧ. ಮದ್ದೂರು-ಮಳವಳ್ಳಿ ಕಡೆ ಕೊಟ್ಟಿಗೆ ಸೂರಿಗೆ, ಚರಂಡಿ ಮೇಲಕ್ಕೆ, ಜಗಲಿಗೆ ಹಾಕಿರೋ ಚಪ್ಪಡಿ ನೋಡಿದ್ದೀರಲ್ಲ, ಅದೇ ಜಾತಿಯ ಕಲ್ಲು. ಬಂಡೆಗೆ ಬೆಂಕಿ ಹಾಕಿ ಚಪ್ಪಡಿ ಎಬ್ಬಿಸೋ ವಿದ್ಯೆ ನಮ್ಮ ಕಲ್ಲುಕುಟಿಗರ ಕೈಯಲ್ಲಿ ತೀರಾ ಈಚಿನ ತನಕ ಉಳಿದಿತ್ತು.

ತೂಕದ ಲೆಕ್ಕ ನಾವೇ ಹಾಕೋಣ. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಒಂದು ಚಪ್ಪಡಿ. ಸುಮಾರು 1,600 ಕಿಲೋ ಆಗುತ್ತೆ. ಎರಡು ಸಣ್ಣ ಕಾರಿನ ತೂಕ. ಇಂಥವು ಐದಾರು ಬೇಕು. ಒಂದು ಮನೆಯವರಿಂದ ಆಗೋ ಕೆಲಸ ಅಲ್ಲ ಇದು. ಊರೇ ಸೇರಬೇಕು, ಸೇರಿದವರಿಗೆ ಊಟ ಹಾಕಬೇಕು. ಸತ್ತವರೆಲ್ಲರಿಗೂ ಇಂಥ ಮನೆ ಕಟ್ಟಿರಲಿಕ್ಕಿಲ್ಲ. ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಅನ್ನೋದರಲ್ಲೇ ಆಗಿನ ಸಮಾಜದ ಮೇಲು-ಕೀಳು ಅಡಗಿದೆ.

ಜಾಗ ಹೇಳುವ ಕಥೆ

ಈಗ ಎರಡನೇ ಸಾಕ್ಷಿಗೆ ಬರೋಣ. ಎಲ್ಲಿ ಕಟ್ಟಿದರು?

ಮೊದಲು ವೇಲ್ಸ್‌ಗೆ ಹೋಗಿಬರೋಣ, ಯಾಕಂದ್ರೆ ಈ ಪ್ರಶ್ನೆಯನ್ನು ಅಲ್ಲಿನವರು ಬಹಳ ಗಟ್ಟಿಯಾಗಿ ಕೇಳಿದ್ದಾರೆ. ಪೆಂಟ್ರೆ ಇವಾನ್ ಅನ್ನೋ ಸಮಾಧಿಯಲ್ಲಿ 16 ಟನ್ನಿನ ಆಸುಪಾಸಿನ ಮುಚ್ಚುಗಲ್ಲು ಮೂರು ಕಲ್ಲುಗಳ ಮೊನೆ ಮೇಲೆ ನಿಂತಿದೆ, ನೋಡಿದರೆ ತೇಲ್ತಾ ಇದೆ ಅನ್ನಿಸುತ್ತೆ. ಅದರ ಇಳಿಜಾರಿಗೂ ಆಚೆ ಕಾಣುವ ಬೆಟ್ಟದ ಗೆರೆಗೂ ಹೊಂದಾಣಿಕೆ ಇದೆ ಅಂತ ಕೆಲವು ವಿದ್ವಾಂಸರ ವಾದ. ಆಂಗಲ್ಸಿ ದ್ವೀಪದಲ್ಲಿ ಬ್ರಿನ್ ಕೆಥ್ಲಿ ದೀ ಅಂತ ಇನ್ನೊಂದಿದೆ. ಹೆಸರಿನ ಅರ್ಥ, ಕತ್ತಲೆ ತೋಪಿನ ದಿಬ್ಬ. ಜೂನ್ ತಿಂಗಳ ಅತಿ ಉದ್ದದ ಹಗಲಿನ ದಿನ, ಹುಟ್ಟುವ ಸೂರ್ಯನ ಬೆಳಕು ಅದರ ಓಣಿಯಲ್ಲಿ ನುಗ್ಗಿ ಒಳಗಿನ ಕೋಣೆಯ ಗೋಡೆ ಮುಟ್ಟುತ್ತೆ. ಅಲ್ಲೂ ಜನಪದ ಕಥೆ ಇದೆ. ಅಲ್ಲಿನ ಹಲವು ಸಮಾಧಿಗಳಿಗೆ ಆರ್ಥರ್ ರಾಜ ಎಸೆದ ಕಲ್ಲು ಅಂತಾನೇ ಹೆಸರು. ನಮ್ಮಲ್ಲಿ ಭೀಮ, ಅವರಲ್ಲಿ ಆರ್ಥರ್.

ವಿಕಿ ಕಮಿಂಗ್ಸ್ ಮತ್ತು ಅಲಸ್ಡೇರ್ ವಿಟ್ಲ್ ಅನ್ನೋ ಇಬ್ಬರು ವೇಲ್ಸ್‌ನ ಇಂಥ ಜಾಗಗಳ ಬಗ್ಗೆಯೇ 2004ರಲ್ಲಿ ಒಂದು ಇಡೀ ಪುಸ್ತಕ ಬರೆದರು. ಸಮಾಧಿ ಹತ್ತಿರ ನಿಂತರೆ ಯಾವ ಬೆಟ್ಟ ಕಾಣುತ್ತೆ, ಯಾವ ಕಡೆ ಸಮುದ್ರ, ಯಾವ ಕಡೆ ನೋಟ ಮುಚ್ಚಿದೆ ಅಂತ. ಇಂಥ ವಾದಗಳಿಗೆ ಆಂಡ್ರ್ಯೂ ಫ್ಲೆಮಿಂಗ್ ಅನ್ನೋ ಪುರಾತತ್ವಜ್ಞ ಎಚ್ಚರಿಕೆಯನ್ನೂ ಕೊಟ್ಟರು: ಬೆಟ್ಟಗಳ ನಾಡಿನಲ್ಲಿ ಎಲ್ಲಿ ನಿಂತರೂ ಒಂದು ಬೆಟ್ಟ ಕಂಡೇ ಕಾಣುತ್ತೆ, ನಮಗೆ ಬೇಕಾದ ಅರ್ಥ ನಾವೇ ಹಚ್ಚಬಾರದು. ರಾಮನಗರದ ಬಂಡೆಬೆಟ್ಟಗಳ ಮಧ್ಯೆ ಓಡಾಡಿದವರಿಗೆ ಈ ಮಾತು ಥಟ್ಟನೆ ಅರ್ಥ ಆಗುತ್ತೆ. ಹಾಗಾಗಿ ಒಂದು ಸಮಾಧಿ ನೋಡಿ ತೀರ್ಮಾನ ಮಾಡೋ ಹಾಗಿಲ್ಲ. ಹತ್ತು, ನೂರು ಜಾಗ ಅಳೆದು, ಮತ್ತೆ ಮತ್ತೆ ಅದೇ ಆಯ್ಕೆ ಕಂಡರೆ ಮಾತ್ರ ನಂಬಬಹುದು.

ಈ ಎಚ್ಚರಿಕೆ ಇಟ್ಟುಕೊಂಡು ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್‌ಗೆ ಬನ್ನಿ. ಗಂಗಾವತಿ ತಾಲ್ಲೂಕು. ಬೆಟ್ಟದ ಮೇಲೆ ಸುಮಾರು 400 ಬೃಹತ್ ಶಿಲಾ ರಚನೆಗಳು. ಆಳೆತ್ತರ ಮೀರಿದ ಕಲ್ಲುಮನೆಗಳು ಸಾಲು ಸಾಲಾಗಿ ನಿಂತಿವೆ. ಊರವರ ಬಾಯಲ್ಲಿ ಅದು ಮೋರ್ಯರ ಗುಡ್ಡ. ಬೆಟ್ಟ ಹತ್ತದೆ ನೋಡೋಕಾಗಲ್ಲ. ಕೆಳಗೆ ಬೇಸಾಯದ ನೆಲ, ಮೇಲೆ ಬರೀ ಬಂಡೆ. ಬಿತ್ತೋಕೆ ಬಾರದ ಜಾಗವನ್ನು ಸತ್ತವರಿಗೆ ಕೊಟ್ಟಿದ್ದಾರೆ.

ಬರೀ ಮಿಕ್ಕಿದ ಜಾಗ ಅಂದುಕೊಳ್ಳೋಹಾಗೂ ಇಲ್ಲ. ಅಲ್ಲಿ ಮಧ್ಯದಲ್ಲೊಂದು ಕೊಳ ಇದೆ, ಮಳೆ ನೀರು ನಿಲ್ಲುತ್ತೆ. ಚಪ್ಪಡಿ ಎಬ್ಬಿಸಿದ್ದು ಅಲ್ಲಿಂದಲೇ. ಕಲ್ಲು ತೆಗೆದ ಹಳ್ಳವೇ ನೀರಿನ ಕೊಳ ಆಗಿದೆ. ಸತ್ತವರಿಗೆ ಮನೆ ಕಟ್ಟಿದ ಕೆಲಸದಿಂದ ಬದುಕಿದ್ದವರಿಗೆ, ಅವರ ದನಕರುಗಳಿಗೆ ನೀರು ಸಿಕ್ಕಿತು. ಮಳೆ ಕಡಿಮೆ ಬೀಳುವ ಸೀಮೆಯಲ್ಲಿ ಇದು ಸಣ್ಣ ವಿಷಯ ಅಲ್ಲ. ಆ ನೀರಿಗೆ ಯಾರು ಹಕ್ಕುದಾರರು ಅನ್ನೋ ಪ್ರಶ್ನೆ ಬಂದಾಗ, ಸುತ್ತ ನಿಂತ ಪೂರ್ವಿಕರ ಕಲ್ಲುಗಳೇ ಉತ್ತರ ಹೇಳಿರಬಹುದು.

ಅಲ್ಲೇ ಎತ್ತರದ ಬಂಡೆಯೊಂದರ ನೆತ್ತಿಯಲ್ಲಿ ನಗಾರಿ ಆಕಾರದ ದೊಡ್ಡ ಗುಂಡುಕಲ್ಲಿದೆ. ಮರದ ಕೊರಡಿನಿಂದ ಹೊಡೆದರೆ ಆ ಸದ್ದು ಬಹಳ ದೂರಕ್ಕೆ ಕೇಳುತ್ತೆ. ಹತ್ತಿರದ ಬಂಡೆಗಳಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ. ಕಲ್ಲು, ನೀರು, ಸದ್ದು, ಚಿತ್ರ, ಎಲ್ಲಾ ಒಂದೇ ಕಡೆ. 2021ರಲ್ಲಿ ಹಿರೇಬೆಣಕಲ್ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿತು. ಒಂದೊಂದು ಸಮಾಧಿ ಬಿಡಿಬಿಡಿಯಾಗಿ ನೋಡಿದ್ದರೆ ಆ ಮಹತ್ವ ಬರ್ತಿರಲಿಲ್ಲ. ಇಡೀ ಬೆಟ್ಟಕ್ಕೆ ಬಂದ ಮಹತ್ವ ಅದು.

ಸೂರ್ಯನ ಲೆಕ್ಕ ನಮ್ಮಲ್ಲಿ ಇಲ್ವಾ? ಇದೆ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ ನಿಲಸ್‌ಕಲ್, ಬೈಸೆ ಅಂತ ಊರುಗಳಿವೆ. ನಿಲಸ್‌ಕಲ್ ಅನ್ನೋ ಹೆಸರಲ್ಲೇ ನಿಲ್ಲಿಸಿದ ಕಲ್ಲು ಇದೆ ನೋಡಿ. ಶ್ರೀಕುಮಾರ್ ಮೆನನ್, ಮಯಾಂಕ್ ವಾಹಿಯಾ ಮತ್ತು ಸಂಗಡಿಗರು ಅಲ್ಲಿನ ಕಲ್ಲುಗಳನ್ನು ಒಂದೊಂದಾಗಿ ನಕ್ಷೆಗೆ ಇಳಿಸಿದರು. ಕೆಲವು ಜೋಡಿ ಕಲ್ಲುಗಳ ನೇರಕ್ಕೆ ನೋಡಿದರೆ, ಜೂನ್ ಮತ್ತು ಡಿಸೆಂಬರ್‌ನ ಆಯನ ಸಂಕ್ರಾಂತಿಯ ದಿನ ಸೂರ್ಯ ಹುಟ್ಟುವ ಅಥವಾ ಮುಳುಗುವ ಜಾಗ ಸಿಗುತ್ತೆ ಅನ್ನೋದು ಅವರ ಶೋಧ. ಮಳೆ, ಬಿತ್ತನೆಗಳ ಲೆಕ್ಕ ಇಡುವ ಜನಕ್ಕೆ ಈ ದಿನಗಳು ಎಷ್ಟು ಮುಖ್ಯ ಅಂತ ರೈತರ ಮಕ್ಕಳಿಗೆ ಹೇಳಬೇಕಾಗಿಲ್ಲ.

ಈಗ ಯೋಚನೆ ಮಾಡಿ. ಆ ಕಲ್ಲುಗಳಲ್ಲಿ ಒಂದನ್ನು ಯಾರೋ ಹತ್ತಡಿ ಆಚೆ ಸರಿಸಿದ್ದರೆ? ಕಲ್ಲು ಉಳಿದಿರುತ್ತಿತ್ತು, ಚೂರೂ ಮುಕ್ಕಾಗಿರುತ್ತಿರಲಿಲ್ಲ. ಆದರೆ ಅದು ಹೇಳಬೇಕಾಗಿದ್ದ ಮಾತು ಸತ್ತುಹೋಗಿರುತ್ತಿತ್ತು.

ಜೆಸಿಬಿಗೆ ಅರ್ಧ ಗಂಟೆ ಸಾಕು

ನನ್ನ ಆತಂಕ ಇರೋದು ಇಲ್ಲೇ. ಹಳೇ ದೇವಸ್ಥಾನ ಕೆಡವೋಕೆ ಹೋದರೆ ಊರು ಎದ್ದು ನಿಲ್ಲುತ್ತೆ. ವೀರಗಲ್ಲು, ಮಾಸ್ತಿಕಲ್ಲು ಆದರೆ ಶಿಲ್ಪ ಇರುತ್ತೆ, ಯಾರಾದರೂ ಅರಿಶಿನ-ಕುಂಕುಮ ಹಚ್ಚಿರುತ್ತಾರೆ. ಈ ಕಲ್ಲಿನ ಬಳೆಗಳಿಗೆ ಶಾಸನ ಇಲ್ಲ, ವಿಗ್ರಹ ಇಲ್ಲ, ಪೂಜೆ ಇಲ್ಲ. ನೋಡಿದವರಿಗೆ ಉಳೋಕೆ ಅಡ್ಡ ಬರೋ ಗುಂಡುಕಲ್ಲು, ಅಷ್ಟೆ. ಜಮೀನು ಹದ ಮಾಡುವಾಗ, ಲೇಔಟ್ ಮಾಡುವಾಗ, ರಸ್ತೆ ಅಗಲ ಮಾಡುವಾಗ, ಕ್ವಾರಿ ತೆರೆಯುವಾಗ ಮೊದಲು ಹೋಗೋದು ಇವೇ. ಮೂರು ಸಾವಿರ ವರ್ಷ ನಿಂತದ್ದಕ್ಕೆ ಜೆಸಿಬಿಯ ಅರ್ಧ ಗಂಟೆ ಸಾಕು. ಮಡಕೆ ಚೂರು ಮ್ಯೂಸಿಯಂಗೆ ಹೋದರೂ ಅದು ಯಾವ ಬೆಟ್ಟ ನೋಡ್ತಾ ಇತ್ತು, ಯಾವ ನೀರಿನ ಪಕ್ಕ ಇತ್ತು ಅನ್ನೋದು ಲೇಔಟಿನ ಸೈಟ್ ನಂಬರ್ ಕೆಳಗೆ ಹೂತುಹೋಗುತ್ತೆ.

ಇನ್ನೊಂದು ಕಾಟ ನಿಧಿಯಾಸೆ. ಅಮಾವಾಸ್ಯೆ ರಾತ್ರಿ ಹೋಗಿ ಅಗೆಯೋರು ಇದ್ದಾರೆ. ಉತ್ಖನನಗಳಲ್ಲಿ ಸಾಮಾನ್ಯವಾಗಿ ಸಿಕ್ಕಿರೋದು ಏನು ಗೊತ್ತಾ? ಮಡಕೆ, ತುಕ್ಕು ಹಿಡಿದ ಕಬ್ಬಿಣ, ಮೂಳೆ, ಕೆಲವು ಕಡೆ ಕಲ್ಲಿನ ಮಣಿ. ಕೊಪ್ಪರಿಗೆ ಚಿನ್ನ ಸಿಗುತ್ತೆ ಅಂತ ಹೋದವನಿಗೆ ಸಿಗೋದು ಯಾರದೋ ಅಜ್ಜನ ಮೂಳೆ, ಮತ್ತೆ ಪೊಲೀಸ್ ಕೇಸು.

ಕಾನೂನು ಇದೆ. ಕೇಂದ್ರ ಸಂರಕ್ಷಿತ ಸ್ಮಾರಕ ಆದರೆ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟೋ ಹಾಗಿಲ್ಲ, ಅದರಾಚೆ 200 ಮೀಟರ್ ತನಕ ಅನುಮತಿ ಬೇಕು. ಆದರೆ ಈ ರಕ್ಷಣೆ ಸಿಗೋದು ಪಟ್ಟಿಯಲ್ಲಿ ಹೆಸರಿದ್ದರೆ. ಹೊಲದ ಮೂಲೆಯಲ್ಲಿರೋ ಕಲ್ಲಿನ ಬಳೆಗೆ ಪಟ್ಟಿ ಎಲ್ಲಿಂದ ಬರಬೇಕು? ಅದನ್ನ ಮೊದಲು ಗುರುತಿಸಬೇಕಾದವರು ಆ ದಾರೀಲಿ ದಿನಾ ಓಡಾಡೋರು. ಅಂದರೆ ನೀವು.

ಹಾಗಾದ್ರೆ ಏನು ಮಾಡೋದು? ನಾಲ್ಕು ಮಾತು. ಒಂದು, ನಿಮ್ಮೂರ ಸುತ್ತ ಪಾಂಡವರ ಮನೆ, ಮೋರ್ಯರ ಗುಡ್ಡ, ನಿಲ್ಲಿಸಿದ ಕಲ್ಲು ಅನ್ನೋ ಹೆಸರಿನ ಜಾಗ ಇದೆಯಾ ಅಂತ ಅಜ್ಜ-ಅಜ್ಜಿಯನ್ನ ಕೇಳಿ, ಆ ಕಥೆ ಫೋನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಎರಡು, ಕಲ್ಲು ಮುಟ್ಟಬೇಡಿ, ಸರಿಸಬೇಡಿ, ಅಗೆಯಬೇಡಿ. ದೂರದಿಂದ ಒಂದು ಫೋಟೋ, ಹತ್ತಿರದಿಂದ ಒಂದು, ಆಮೇಲೆ ಸಮಾಧಿಗೆ ಬೆನ್ನು ಮಾಡಿ ನಿಂತು ನಾಲ್ಕು ದಿಕ್ಕಿಗೂ ಒಂದೊಂದು. ಆ ನಾಲ್ಕೂ ಫೋಟೋ ಬಹಳ ಮುಖ್ಯ, ಅಲ್ಲಿ ನಿಂತವರಿಗೆ ಏನು ಕಾಣ್ತಿತ್ತು ಅನ್ನೋ ದಾಖಲೆ ಅದು. ಮೂರು, ಲೊಕೇಶನ್ ಗುರುತು ಹಾಕಿಕೊಂಡು ರಾಜ್ಯ ಪುರಾತತ್ವ ಇಲಾಖೆಗೆ ಅಥವಾ ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೆ ತಿಳಿಸಿ. ನಾಲ್ಕು, ಆ ಲೊಕೇಶನ್ನನ್ನ ರೀಲ್ಸ್‌ಗೆ ಹಾಕಬೇಡಿ. ಲೈಕ್ ಕೊಡೋರ ಜೊತೆ ಹಾರೆ ಹಿಡಿದೋರೂ ಬರ್ತಾರೆ.

ಬರಹ ಗೊತ್ತಿಲ್ಲದ ಜನ ಕಲ್ಲನ್ನೇ ಅಕ್ಷರ ಮಾಡಿ, ನೆಲವನ್ನೇ ಹಾಳೆ ಮಾಡಿ ಬರೆದಿಟ್ಟಿದ್ದಾರೆ. ಅದರಲ್ಲಿ ನಾವು ಓದಿರೋದು ಸ್ವಲ್ಪವೇ. ಓದಿ ಮುಗಿಯೋ ಮೊದಲೇ ಹಾಳೆ ಹರಿಯದಿರಲಿ.

ನಿಮ್ಮೂರಲ್ಲಿ ಇಂಥ ಕಲ್ಲಿಗೆ ಏನಂತ ಕರೀತಾರೆ? ಹೆಸರು, ಅದರ ಹಿಂದಿನ ಕಥೆ ನಮಗೆ ಕಳಿಸಿ. ಜಾಗದ ಗುರುತು ಮಾತ್ರ ಇಲಾಖೆಗೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಲ್ಲಿವರೆಗೆ ನಮಸ್ಕಾರ.